ಹಸಿರಾಗೇ ಉಳಿದ ಹದಿನೆಂಟು ಕಡ್ಡಿ

ಹೊಗೆಸೊಪ್ಪು ಕಟ್ಟುವ ದಿನ ಮೊಬೈಲ್ ಮುಟ್ಟುವಂತಿಲ್ಲ. ಎಲೆಯ ಅಂಟು ಬೆರಳಿಗೆ ಹತ್ತಿ ಹತ್ತಿ ಮಧ್ಯಾಹ್ನದ ಹೊತ್ತಿಗೆ ಅಂಗೈ ಟಾರು ಬಳಿದಂತೆ ಕಪ್ಪಾಗಿರುತ್ತದೆ. ಸೋಪು ಹಾಕಿ ಉಜ್ಜಿದರೂ ಬಿಡದ ಅಂಟು ಅದು. ಆ ಕೈಯಲ್ಲಿ ಫೋನು ಹಿಡಿದರೆ ಫೋನಿನ ಕತೆ ಮುಗಿದ ಹಾಗೆ. ಹಾಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಮಗೆ ಉಳಿಯುವುದು ಬಾಯಿ ಒಂದೇ. ಅದನ್ನು ನಾವು ಯಾವತ್ತೂ ಸುಮ್ಮನೆ ಇಟ್ಟವರಲ್ಲ.

ನಾವು ಎಂದರೆ ಮೂವರು. ನಮ್ಮದು ಗಾವಡಗೆರೆ ಕಡೆಯ ಹಳ್ಳಿ. ಸೊಸೆಯಾಗಿ ಬಂದವಳನ್ನು ಈ ಊರಲ್ಲಿ ಹೆಸರು ಹಿಡಿದು ಕೂಗುವವರು ಕಡಿಮೆ, ತವರೂರಿನಿಂದಲೇ ಕೂಗುತ್ತಾರೆ. ನಾನು ಕೆ.ಆರ್. ನಗರದ ನಾಲೆ ಬಯಲಿನಿಂದ ಬಂದವಳು, ಅದಕ್ಕೆ ಕೇರ್‌ನಗರದೋಳು. ಇನ್ನೊಬ್ಬಳು ಪಿರಿಯಾಪಟ್ಟಣದವಳು, ಇಬ್ಬರು ಹೆಣ್ಣುಮಕ್ಕಳ ತಾಯಿ, ಅವಳ ಬಾಯಿಗೆ ಊರಿನ ಗಂಡಸರೆಲ್ಲ ಹೆದರುತ್ತಾರೆ. ಮೂರನೆಯವಳು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದವಳು. ಹನ್ನೊಂದು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡ. ಅತ್ತೆಯನ್ನೂ ಎರಡು ಎಕರೆಯನ್ನೂ ನೋಡಿಕೊಂಡು, ಮಗಳನ್ನು ಮೈಸೂರಿನ ಹಾಸ್ಟೆಲಿನಲ್ಲಿಟ್ಟು ಓದಿಸುತ್ತಿದ್ದಾಳೆ. ಮೂವರ ಮನೆಯಲ್ಲೂ ಹೊಗೆಸೊಪ್ಪಿದೆ. ಒಬ್ಬರ ಮನೆಯ ಕೆಲಸಕ್ಕೆ ಇನ್ನೊಬ್ಬರು ಮುಯ್ಯಿಗೆ ಹೋಗುತ್ತೇವೆ. ಇವತ್ತು ನೀನು ನನ್ನ ಮನೆಗೆ, ನಾಳೆ ನಾನು ನಿನ್ನ ಮನೆಗೆ, ಅಷ್ಟೇ ಲೆಕ್ಕ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಹೊಲದಿಂದ ಮುರಿದು ತಂದ ಎಲೆ ಎಲ್ಲವೂ ಒಂದೇ ಹದದಲ್ಲಿರುವುದಿಲ್ಲ. ಹಣ್ಣಾದ ಎಲೆ ಬೇರೆ, ಇನ್ನೂ ಹಸಿಯಾಗಿರುವುದು ಬೇರೆ ಆರಿಸಿ, ಬೇರೆ ಬೇರೆ ಕಡ್ಡಿಗೆ ದಾರದಿಂದ ಕಟ್ಟಬೇಕು. ಆ ಉದ್ದನೆಯ ಕಡ್ಡಿಗಳನ್ನು ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ಸಾಲಾಗಿ ನೇತುಹಾಕಿ ಕಾವು ಕೊಟ್ಟರೆ ಐದಾರು ದಿನಕ್ಕೆ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತದೆ. ಹಣ್ಣೆಲೆ, ಹಸಿಯೆಲೆ ಒಂದೇ ಕಡ್ಡಿಯಲ್ಲಿ ಬೆರೆತವೋ, ಅದು ಹಳದಿಯಾಗುವ ಹೊತ್ತಿಗೆ ಇದು ಹಸಿರಾಗೇ ಒಣಗಿಬಿಡುತ್ತದೆ. ಹರಾಜಿನಲ್ಲಿ ಅಂಥ ಸೊಪ್ಪನ್ನು ಯಾರೂ ತಿರುಗಿ ನೋಡುವುದಿಲ್ಲ. ಇದು ನಮ್ಮ ಕಡೆ ಶಾಲೆಗೆ ಹೋಗದ ಮಗುವಿಗೂ ಗೊತ್ತಿರುವ ಸಂಗತಿ.

ಆವತ್ತು ನಮ್ಮ ಬ್ಯಾರನ್ನಿನ ಸರದಿ. ಜಡಿಮಳೆ. ಆಳುಗಳೆಲ್ಲ ದೊಡ್ಡ ಚಪ್ಪರದಲ್ಲಿ ಕಟ್ಟುತ್ತಿದ್ದರು. ನಾವು ಮೂವರು ಎಂದಿನಂತೆ ಬ್ಯಾರನ್ನಿನ ಹಿಂದಿನ ಶೀಟಿನ ಕೆಳಗೆ, ನಮ್ಮ ಮಾತು ಯಾರಿಗೂ ಕೇಳದ ಮೂಲೆಯಲ್ಲಿದ್ದೆವು. ಹಂಪಾಪುರದವಳ ಫೋನು ಪ್ಲಾಸ್ಟಿಕ್ ಕವರಿನೊಳಗೆ ಚಾಪೆಯ ಮೇಲಿತ್ತು. ಒಂದು ಸಲ ಬಡಿದುಕೊಂಡಿತು. ಅವಳು ಕೇಳಿಸದವಳಂತೆ ಎಲೆ ಜೋಡಿಸುತ್ತಿದ್ದಳು. ಎರಡನೇ ಸಲಕ್ಕೂ ಹಾಗೇ. ಮೂರನೇ ಸಲಕ್ಕೆ ಪಿರಿಯಾಪಟ್ಟಣದವಳು ಬಗ್ಗಿ ನೋಡಿದಳು.

"ಮೋಟ್ರು ರಿಪೇರಿ ಅಂತ ಬತ್ತಾ ಅದೆ ಕಣಮ್ಮಿ. ನಿನ್ ಬೋರ್‌ವೆಲ್ ಮೋಟ್ರು ಓದ್ವರ್ಸವೇ ಸರಿ ಓಯ್ತಲ್ಲ?"

"ಬುಡು ಬುಡು, ಆಮ್ಯಾಲ್ ಮಾಡ್ತೀನಿ," ಎಂದಳು ಹಂಪಾಪುರದವಳು. ಅವಳು ಎರಡು ಸಲ 'ಬುಡು' ಎಂದದ್ದೇ ತಪ್ಪಾಯಿತು. ಪಿರಿಯಾಪಟ್ಟಣದವಳು ಮೊಣಕೈಯಲ್ಲಿ ಕವರಿನ ಮೇಲೆ ಸವರಿ ಫೋನು ಎತ್ತಿದಳು. ಇನ್ನೊಂದು ಸಲ ಒತ್ತಿ ಲೌಡ್ ಸ್ಪೀಕರಿಗೂ ಹಾಕಿಬಿಟ್ಟಳು.

"ಊಟ ಆಯ್ತಾ?" ಎಂದಿತು ಒಂದು ಗಂಡು ದನಿ.

ಪಿರಿಯಾಪಟ್ಟಣದವಳು ನನ್ನ ಕಡೆ ಕಣ್ಣರಳಿಸಿದಳು.

"ಅಲ್ಲೂ ಮಳೆಯಾ? ನೆನಿಬ್ಯಾಡ ಕಣಮ್ಮ, ಮೊನ್ನೆನೇ ಸೀತ ಅಂತಿದ್ದೆ."

"ಊಂ, ಆಯ್ತು, ಕೆಲ್ಸದಲ್ಲಿವ್ನಿ, ಮಡುಗ್ತೀನಿ," ಎಂದು ಹಂಪಾಪುರದವಳು ಕಡ್ಡಿಯ ತುದಿಯಿಂದಲೇ ಫೋನು ತಿವಿದಳು. ಅದು ಆಫ್ ಆಗಲಿಲ್ಲ. ಆತನೇ "ಸರಿ, ಉಸಾರು" ಎಂದು ಮಡಗಿದ.

ಅಯ್ಯೋ, ಆಮೇಲೆ ನಾವು ಸುಮ್ಮನಿರುತ್ತೇವಾ! ಪಿರಿಯಾಪಟ್ಟಣದವಳು ಕಡ್ಡಿ ಎಸೆದು ಎದ್ದೇ ನಿಂತಳು. "ಯಾವೂರ್ ಮೋಟ್ರು ರಿಪೇರಿಯವ್ನಮ್ಮಿ ಇವ್ನು? ನಮ್ಮನೆ ಮೋಟ್ರು ಸುಟ್ಟೋದಾಗ ಬಂದಿದ್ದೋನು ನನ್ ಮಕ ಕೂಡ ನೋಡ್ನಿಲ್ಲ. ಇವ್ನು ಊಟ ಕೇಳ್ತಾನೆ, ಸೀತ ಕೇಳ್ತಾನೆ!"

"ಅದಕ್ಕೇ ವಾರಕ್ಕೊಂದ್ ಸಲ ತವರು ತವರು ಅಂತ ಬಸ್ ಅತ್ತಾಳೆ ಇವ್ಳು," ಎಂದೆ ನಾನು. ಹೆಂಗಸರಿಗೆ ಬಸ್ಸು ಫ್ರೀ ಆದಾಗಿನಿಂದ ಇವಳು ಆಧಾರ್ ಕಾರ್ಡು ಹಿಡಿದು ಹುಣಸೂರಿಗೆ, ಅಲ್ಲಿಂದ ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿಗೆ ಹೊರಡುವುದನ್ನು ನಾವು ನೋಡುತ್ತಲೇ ಇದ್ದೆವು. ತಮ್ಮನ ಮನೆಗೆ ಅಂದುಕೊಂಡಿದ್ದೆವು.

ಹಂಪಾಪುರದವಳು ಮೊದಲು ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ನಗು ಬಂತು ಅವಳಿಗೆ. ಅವಳ ಮುಖದಲ್ಲಿ ಅಂಥ ನಗುವನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ.

"ಏಳ್ತೀನಿ ಕುಂತ್ಕಳಿ," ಎಂದಳು. ಹೇಳಿದಳು. ಹಿಂದಿನ ವರ್ಷ ಬೋರ್‌ವೆಲ್ ಮೋಟಾರು ಸುಟ್ಟಾಗ ತಮ್ಮನ ಮಾತು ಕೇಳಿ ಹ್ಯಾಂಡ್‌ಪೋಸ್ಟಿನ ಒಂದು ಅಂಗಡಿಗೆ ರಿಪೇರಿಗೆ ಕೊಟ್ಟಿದ್ದಳಂತೆ. ಅಂಗಡಿಯಾತನಿಗೆ ಹೆಂಡತಿ ಇಲ್ಲ, ಕಾಯಿಲೆಯಲ್ಲಿ ಹೋಗಿ ಆರು ವರ್ಷವಾಗಿದೆ. ಇದ್ದೊಬ್ಬ ಮಗಳಿಗೆ ಮದುವೆಯಾಗಿದೆ. ಮೋಟಾರು ಎರಡು ದಿನಕ್ಕೆ ಸರಿಹೋಯಿತು. ಮಾತು ಮಾತ್ರ ಮುಗಿಯಲಿಲ್ಲ.

"ಮದ್ವೆ ಆಗನ ಅಂತವ್ರೆ," ಎಂದಳು. "ನಂಗೂ ಇಷ್ಟ ಕಣ್ರಮ್ಮಿ. ಮುಚ್ಚುಮರೆ ಏನು, ಇಷ್ಟ ಅಂದ್ರೆ ಇಷ್ಟ. ಅನ್ನೊಂದ್ ವರ್ಸದಲ್ಲಿ ಯಾರೂ ನನ್ನ ನೆನಿಬ್ಯಾಡ ಅಂದಿರ್ನಿಲ್ಲ."

ಪಿರಿಯಾಪಟ್ಟಣದವಳು ಹೋ ಎಂದು ಕೂಗಿದ ಕೂಗಿಗೆ ದೊಡ್ಡ ಚಪ್ಪರದವರು "ಹಾವಾ?" ಎಂದು ಕೇಳಿದರು. "ಇಲ್ಲ, ಕಪ್ಪೆ," ಎಂದು ನಾನು ಇಲ್ಲಿಂದಲೇ ಕೂಗಿ ಹೇಳಿದೆ.

"ಆದ್ರೂ ಮದ್ವೆ ಯಾಕಮ್ಮಿ?" ಎಂದಳು ಪಿರಿಯಾಪಟ್ಟಣದವಳು ಕುಳಿತುಕೊಳ್ಳುತ್ತ. "ಫೋನಲ್ಲೇ ಚಂದಾಗದೆ. ಮದ್ವೆ ಆಗಿ ನೋಡು, ಊಟ ಆಯ್ತಾ ಅನ್ನೋನು ಊಟ ಎಲ್ಲಿ ಅಂತಾನೆ."

ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತು. ಆದರೆ ಹಂಪಾಪುರದವಳು ಅದನ್ನೆಲ್ಲ ಯೋಚಿಸಿ ಮುಗಿಸಿದ್ದಳು. "ನಾನೆಲ್ಗೂ ಓಗಕಿಲ್ಲ ಅಂದಿವ್ನಿ. ಈ ಎಲ್ಡೆಕ್ರೆ ನಾನ್ ನಿಂತ್ಕಂಡು ಮಾಡ್ಸಿರೋದು. ಅತ್ತೆ ಅವ್ರೆ, ದನ ಅವೆ. ಇನ್ನೊಂದ್ ಮನೆ ಒಲೆ ಮುಂದೆ ಒಸ್ದಾಗಿ ಕುಂತ್ಕಳಾಕೆ ನನ್ ಕೈಲಾಗಕಿಲ್ಲ. ಬರೋದಾದ್ರೆ ನೀವೇ ಬನ್ನಿ ಅಂದೆ."

"ಏನಂದ?"

"ಅಲ್ಲೇನು ಮೋಟ್ರು ಸುಡಾಕಿಲ್ವಾ, ಬತ್ತೀನಿ ಅಂದ್ರು."

ಈ ಮಾತು ಕೇಳಿದ ಮೇಲೆ ನಮ್ಮ ಬಾಯಿಗೆ ಕಟ್ಟೇ ಇಲ್ಲದಂತಾಯಿತು. ಇಪ್ಪತ್ತು ವರ್ಷ ಜೊತೆಯಲ್ಲಿ ಕಡ್ಡಿ ಕಟ್ಟಿದ್ದೇವೆ. ಅತ್ತೆ ಬೈದದ್ದು, ಹೆರಿಗೆ, ಮಕ್ಕಳ ಮಾರ್ಕ್ಸು ಎಲ್ಲ ಮಾತಾಡಿದ್ದೇವೆ. ನನಗೆ ಏನು ಬೇಕು ಎಂದು ಮಾತ್ರ ಯಾರೂ ಯಾವತ್ತೂ ಹೇಳಿರಲಿಲ್ಲ. ಈಗ ಒಬ್ಬಳು ಹೇಳಿಬಿಟ್ಟಳಲ್ಲ, ನಮಗೂ ತಡೆಯಲಾಗಲಿಲ್ಲ.

ಪಿರಿಯಾಪಟ್ಟಣದವಳು ತಾನು ತಿಂಗಳಿಗೊಮ್ಮೆ ಯಾರಿಗೂ ಹೇಳದೆ ಮೈಸೂರಿಗೆ ಹೋಗಿ ಹೋಟೆಲಿನಲ್ಲಿ ಒಬ್ಬಳೇ ಕುಳಿತು ಎರಡು ಮಸಾಲೆ ದೋಸೆ ತಿಂದು ಬರುತ್ತೇನೆ ಎಂದಳು. "ಗಂಡನ್ ಜೊತೆ ಓದ್ರೆ ಒಂದ್ ದೋಸೆಗೇ ಸಾಕಾ ಬೇಕಾ ಅಂತ ಮಕ ನೋಡ್ತಾನೆ. ಎಲ್ಡ್ನೇದು ತಿನ್ನುವಾಗ ನಾನು ಯಾರ್ ಎಂಡ್ತಿನೂ ಅಲ್ಲ, ಯಾರ್ ಅವ್ವನೂ ಅಲ್ಲ ಅನ್ನಿಸ್ತದೆ ಕಣಮ್ಮಿ." ಎರಡನೇ ಮಗಳು ಹುಟ್ಟಿದ ಮೇಲೆ ಗಂಡು ಬೇಕೆಂದು ಮನೆಯವರು ಕುಣಿಯುತ್ತಿದ್ದಾಗ ತಾನೇ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದದ್ದನ್ನೂ ಹೇಳಿದಳು. ಅವಳ ಗಂಡನಿಗೆ ಅದು ಗೊತ್ತಾಗಿ ಮೂರು ತಿಂಗಳು ಮಾತು ಬಿಟ್ಟಿದ್ದನಂತೆ. "ಆ ಮೂರು ತಿಂಗ್ಳು ಮನೆ ಎಷ್ಟ್ ತಣ್ಣಗಿತ್ತು ಅಂತೀಯಾ!"

ನನ್ನ ಸರದಿ ಬಂತು. ನನ್ನ ಗಂಡ ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಆದರೆ ನಾನು ಚಪ್ಪಲಿಗೆ ಕಾಲು ಹಾಕಿದರೆ ಸಾಕು, "ಎಲ್ಗೆ?" ಎನ್ನುತ್ತಾನೆ. ಅವನು ಹೊರಟಾಗ ನಾನು ಕೇಳಿದರೆ "ಇಲ್ಲೇ" ಎಂದು ಹೋಗುತ್ತಾನೆ. ಆ 'ಇಲ್ಲೇ'ಯಲ್ಲಿ ಹುಣಸೂರೂ ಇರುತ್ತದೆ, ಮೈಸೂರೂ ಇರುತ್ತದೆ. "ನಂಗೂ ಒಂದಿನ ಇಲ್ಲೇ ಅಂದು ಓಗ್ಬೇಕು ಕಣ್ರಮ್ಮಿ," ಎಂದೆ. ಹೇಳುತ್ತ ಹೇಳುತ್ತ ನನಗೇ ಸಿಟ್ಟು ಬಂದು ದಾರ ಪಟ್ಟೆಂದು ಹರಿಯಿತು. ಇಷ್ಟು ಸಣ್ಣ ವಿಷಯ ನನ್ನ ಎದೆಯಲ್ಲಿ ಇಷ್ಟು ವರ್ಷ ಕುಳಿತಿತ್ತೆಂದು ನನಗೂ ಗೊತ್ತಿರಲಿಲ್ಲ.

ಸಂಜೆ ಏಳುವಾಗ ಹಂಪಾಪುರದವಳು ನಮ್ಮಿಬ್ಬರ ಕೈ ಹಿಡಿದಳು. ಮೂವರ ಕೈಗೂ ಅಂಟು. "ಮಗಳಿಗೆ ಗೊತ್ತು. ಅತ್ತೆಗೆ ಗೊತ್ತಿಲ್ಲ. ಬರೋ ಸೋಮ್ವಾರ ಮಗಳು ಬತ್ತಾಳೆ, ಅವ್ಳನ್ನ ಪಕ್ಕದಲ್ಲಿಟ್ಕಂಡು ನಾನೇ ಅತ್ತೆಗೆ ಏಳ್ಬೇಕು. ಅವ್ರು ನನ್ನ ಸೊಸೆ ಅಂತ ನೋಡಿಲ್ಲ, ಮಗಳಂಗೆ ನೋಡವ್ರೆ. ಅವ್ರು ಬ್ಯಾಡ ಅಂದ್ರೆ ನಾನಾಗಕಿಲ್ಲ. ಆದ್ರೆ ಊರೋರ ಬಾಯಲ್ಲಿ ಮೊದ್ಲು ಕೇಳಿದ್ರೆ ಮುಗೀತು, ಅವ್ರು ಖಂಡಿತ ಬ್ಯಾಡ ಅಂತಾರೆ. ಅಲ್ಲೀಗಂಟ ಬಾಯಿ ಬುಟ್ಟೀರಾ ಮತ್ತೆ!"

ಬಿಡುವುದಿಲ್ಲ ಎಂದು ಆಣೆ ಮಾಡಿದೆವು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಲೋಕಕ್ಕೇ ಗೊತ್ತು. ಆ ವಾರ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಗಂಡ "ಉಪ್ಪು ಕೊಡು" ಎಂದರೂ ಬಾಯಿಂದ ಎಲ್ಲಿ 'ಮೋಟ್ರು' ಬಂದುಬಿಡುತ್ತದೋ ಎಂದು ತುಟಿ ಕಚ್ಚಿಕೊಳ್ಳುತ್ತಿದ್ದೆ.

ಶನಿವಾರ ಬ್ಯಾರನ್ ಬಾಗಿಲು ತೆಗೆದರು. ಸೋಮವಾರಕ್ಕೆ ಇನ್ನೆರಡೇ ದಿನ. ಆಳುಗಳು ಒಳಗಿನಿಂದ ಕಡ್ಡಿ ಇಳಿಸುತ್ತಿದ್ದರು. ನನ್ನ ಗಂಡ ಅವನ್ನು ಹೊತ್ತು ತಂದು ಹಿಂದಿನ ಶೀಟಿನ ಕೆಳಗೆ ನಮ್ಮ ಮುಂದೆ ಇಡುತ್ತಿದ್ದ. ನಮ್ಮ ಮೂವರ ಜೊತೆಗೆ ಆವತ್ತು ಹಂಪಾಪುರದವಳ ಅತ್ತೆಯೂ ದಾರ ಬಿಚ್ಚಲು ಬಂದಿದ್ದರು. ಎಪ್ಪತ್ತು ದಾಟಿದ ಜೀವ. ನಾವೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತೇವೆ. ಕುಳಿತು ಮಾಡುವ ಕೆಲಸವೆಂದರೆ ಈಗಲೂ ಕರೆಯದೆ ಬರುತ್ತಾರೆ.

ಸೊಪ್ಪು ಚಿನ್ನದಂತೆ ಬಂದಿತ್ತು. ನನ್ನ ಗಂಡ ಹಾಡು ಗುನುಗುತ್ತಿದ್ದ. ಇದ್ದಕ್ಕಿದ್ದಂತೆ ಅವನ ಹಾಡು ನಿಂತಿತು.

"ಇದೇನಿದು?"

ಅವನ ಕೈಯಲ್ಲಿದ್ದ ಕಡ್ಡಿಯಲ್ಲಿ ಎರಡು ಎಲೆ ಹಳದಿ, ಮೂರು ಎಲೆ ಹಸಿರು, ಮತ್ತೆ ಒಂದು ಹಳದಿ. ಇನ್ನೊಂದು ಕಡ್ಡಿ ತಂದ, ಅದೂ ಹಾಗೇ. ಒಟ್ಟು ಹದಿನೆಂಟು. ಹಣ್ಣೆಲೆಯ ರಾಶಿ ಯಾವುದು, ಹಸಿಯೆಲೆಯ ರಾಶಿ ಯಾವುದು ಎಂದು ಆವತ್ತು ಮಧ್ಯಾಹ್ನದ ಮೇಲೆ ನಾವು ನೋಡಿದ್ದೇ ನೆನಪಿರಲಿಲ್ಲ.

"ನಿಮ್ ಮೂಲೆಯ ಕಡ್ಡಿಗಳೇ ಇವು," ಎಂದ ಗಂಡ. "ಇಪ್ಪತ್ತು ವರ್ಸದಿಂದ ಕಟ್ತಾ ಇರೋರು, ಈವತ್ತಿನ ಮಕ್ಕಳಂಗೆ ಮಾಡಿದ್ದೀರಲ್ಲ! ಏನ್ ಮಾತಾಡ್ತಾ ಕುಂತಿದ್ರಿ ಅವತ್ತು?"

"ಸೀರಿಯಲ್ಲು," ಎಂದೆ ನಾನು. ಅದೇ ಗಳಿಗೆಯಲ್ಲಿ ಪಿರಿಯಾಪಟ್ಟಣದವಳು "ದೋಸೆ" ಎಂದಳು.

ಗಂಡ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಹಂಪಾಪುರದವಳು ಸೊಪ್ಪಿನಿಂದ ತಲೆ ಎತ್ತಲೇ ಇಲ್ಲ.

ದೊಡ್ಡವ್ವ ಕೈ ಚಾಚಿ "ತತ್ತಾ ಇಲ್ಲಿ" ಎಂದು ಒಂದು ಕಡ್ಡಿ ಇಸಿದುಕೊಂಡರು. ಗಂಟನ್ನು ಬೆರಳಲ್ಲಿ ಸವರಿದರು. "ಇದು ಕೇರ್‌ನಗರದೋಳ ಗಂಟು. ಬತ್ತದ ಒರೆ ಕಟ್ದಂಗೆ ಕಟ್ತಾಳೆ, ಏಟ್ ಏಳಿದ್ರೂ ಕಲೀನಿಲ್ಲ." ಇನ್ನೊಂದು ತೆಗೆದುಕೊಂಡರು. "ಇದು ಪಿರಿಯಾಪಟ್ನದೋಳ್ದು, ಎಡಗೈ ಗಂಟು." ಹದಿನೆಂಟನ್ನೂ ಒಂದೊಂದಾಗಿ ನೋಡಿದರು. ಅವುಗಳಲ್ಲಿ ಹತ್ತು ನನ್ನವು, ಎಂಟು ಪಿರಿಯಾಪಟ್ಟಣದವಳವು. ಆಮೇಲೆ ಪಕ್ಕದ ರಾಶಿಯಿಂದ, ಒಂದೂ ಎಲೆ ತಪ್ಪದೆ ಹಳದಿ ಬಂದಿದ್ದ ಕಡ್ಡಿಯನ್ನು ಎತ್ತಿದರು. "ಇದು ನನ್ ಸೊಸೆ ಗಂಟು. ನಾನ್ ಕಲ್ಸಿದ್ದು. ಒಂದಾದ್ರೂ ತಪ್ಪಿದ್ದದಾ ನೋಡು."

"ಅವ್ರೊಬ್ರೇ ನೆಟ್ಟಗೆ ಕೆಲ್ಸ ಮಾಡಿರೋದು ಬುಡಿ ದೊಡ್ಡವ್ವ," ಎಂದ ನನ್ನ ಗಂಡ.

ದೊಡ್ಡವ್ವ ಅವನ ಮಾತಿಗೆ ಕಿವಿಗೊಡಲಿಲ್ಲ. ಸೊಸೆಯನ್ನೇ ನೋಡುತ್ತಿದ್ದರು. "ಕೇಳ್ದೋರು ಇಬ್ರೂ ಮೈ ಮರ್ತವ್ರೆ. ಏಳ್ದೋಳು ನೀನು. ಇವ್ರ್ ಕೈ ತಪ್ಪೋ ಅಂತದ್ದು ಏನಮ್ಮಿ ಏಳ್ದೆ?"

ಸೋಮವಾರ ಇನ್ನೂ ಬಂದಿಲ್ಲ, ಪಕ್ಕದಲ್ಲಿ ಮಗಳಿಲ್ಲ, ನನ್ನ ಗಂಡ ಬೇರೆ ಕಂಬದ ಹಾಗೆ ನಿಂತಿದ್ದಾನೆ. ಏನಾದರೊಂದು ಸುಳ್ಳು ಹೇಳಿಬಿಡೋಣವೆಂದು ಬಾಯಿ ತೆರೆದೆ. ಹಂಪಾಪುರದವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದಳು.

"ಅತ್ತೆ," ಎಂದಳು. "ಅಂಡ್‌ಪೋಸ್ಟಲ್ಲಿ ಮೋಟ್ರು ರಿಪೇರಿ ಮಾಡ್ತಾರಲ್ಲ, ಅವ್ರು ನನ್ನ ಮದ್ವೆ ಆಗ್ತೀಯಾ ಅಂತ ಕೇಳವ್ರೆ. ನಂಗೂ ಮನ್ಸದೆ. ನಾನ್ ಎಲ್ಗೂ ಓಗಕಿಲ್ಲ, ಅವ್ರೇ ನಮ್ಮನೇಗೆ ಬತ್ತಾರೆ. ನೀವ್ ಬ್ಯಾಡ ಅಂದ್ರೆ ಇಲ್ಲ."

ದೊಡ್ಡವ್ವ ಕೈಯಲ್ಲಿದ್ದ ಕಡ್ಡಿಯ ದಾರವನ್ನು ತುದಿಯವರೆಗೂ ಬಿಚ್ಚಿದರು. ಎಲೆಗಳನ್ನು ಜೋಡಿಸಿ ಪಕ್ಕಕ್ಕಿಟ್ಟರು. ಅಷ್ಟು ಹೊತ್ತೂ ನಾನು ಪಿರಿಯಾಪಟ್ಟಣದವಳ ಸೆರಗು ಹಿಡಿದುಕೊಂಡಿದ್ದೆ.

"ನನ್ನ ಕೇಳಿ ಉಸ್ರಾಡ್ತೀಯಾ ನೀನು?" ಎಂದರು ಕೊನೆಗೆ, ರೇಗಿಕೊಂಡೇ. "ನಾನ್ಯಾಕ್ ಬ್ಯಾಡ ಅನ್ಲಿ? ಸೋಮ್ವಾರ ಮೊಮ್ಮಗಳು ಬತ್ತಾಳೆ. ಅವತ್ತೇ ಬರಾಕೇಳು ಅವ್ರ್ಗೆ. ಕೋಳಿ ಕುಯ್ಸನ."

ಹಂಪಾಪುರದವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನನಗೂ ಅಳು ಬಂತು. ಪಿರಿಯಾಪಟ್ಟಣದವಳು ಅಳುವುದೋ ನಗುವುದೋ ತಿಳಿಯದೆ ನನ್ನ ಬೆನ್ನಿಗೆ ಗುದ್ದಿದಳು. ಆ ಸೋಮವಾರ ಆತ ಬಂದದ್ದು, ಕೋಳಿ ಸಾರಿಗೆ ಖಾರ ಹೆಚ್ಚಾಗಿ ಪಾಪ ಬೆವೆತದ್ದು, ಈಗ ಗಾವಡಗೆರೆಯಲ್ಲೇ ಅಂಗಡಿ ಇಟ್ಟಿರುವುದು ಎಲ್ಲ ನಮ್ಮೂರಿಗೆ ಗೊತ್ತಿರುವ ಕತೆ. ಆ ಶನಿವಾರ ಮುಂದೆ ನಡೆದದ್ದು ಮಾತ್ರ ನಮಗಷ್ಟೇ ಗೊತ್ತು.

ದೊಡ್ಡವ್ವ ನಮ್ಮ ಅಳುವನ್ನು ಸ್ವಲ್ಪ ಹೊತ್ತು ನೋಡಿ, ಹಸಿರು ಹಳದಿ ಬೆರೆತ ನನ್ನ ಕಡ್ಡಿಯೊಂದನ್ನು ತೊಡೆಯ ಮೇಲೆ ಎಳೆದುಕೊಂಡರು. "ನಿಂಗ್ ಏಳ್ಕಳಾಕೆ ಇಬ್ರಾದ್ರೂ ಸಿಕ್ಕವ್ರೆ," ಎಂದರು ಸೊಸೆಗೆ. "ನಂಗೆ ಇಪ್ಪತ್ತೆಂಟಾಗಿತ್ತು. ನಿನ್ ಗಂಡ ಇನ್ನೂ ಅಂಬೆಗಾಲು. ನಮ್ ಯಜಮಾನ್ರು ತೀರ್ಕಂಡು ವರ್ಸ ಆಗಿತ್ತು. ನಂಗೂ ಒಬ್ರು ಕೇಳಿದ್ರು."

ನಮ್ಮ ಅಳು ಅಲ್ಲಿಗೇ ನಿಂತಿತು.

"ಅವ್ರು ಕೇಳಿದ್ ಮಾರ್ನೇ ದಿನ ಇಂಗೇ ಸೊಪ್ಪು ಕಟ್ತಾ ಕುಂತಿದ್ದೆ. ನಮ್ಮತ್ತೆ ಎದುರ್ಗೆ. ಆ ಕಡೆ ಈ ಕಡೆ ಎಂಟತ್ ಜನ ಎಂಗಸ್ರು, ಯಾರ್ಗೂ ಬಾಯಿ ಬುಡ್ನಿಲ್ಲ. ಆ ಬ್ಯಾರನ್ನು ತೆಗ್ದಾಗ ಒಂದೇ ಒಂದ್ ಎಲೆ ಹಸ್ರು ಇರ್ನಿಲ್ಲ ಕಣ್ರವ್ವ. ನಂದೂ ತಪ್ಪಿರ್ನಿಲ್ಲ, ನನ್ ಪಕ್ಕದೋರ್ದೂ ತಪ್ಪಿರ್ನಿಲ್ಲ."

ನನ್ನ ಗಂಡನ ಮುಖದಲ್ಲಿದ್ದ ಸಿಟ್ಟು ಎಲ್ಲಿ ಹೋಯಿತೋ, ಕೈಯಲ್ಲಿದ್ದ ಹಸಿರು ಕಡ್ಡಿಯನ್ನು ಮೆಲ್ಲಗೆ ಕೆಳಗಿಟ್ಟ.

"ಯಾರ್ ದೊಡ್ಡವ್ವ ಅವ್ರು?" ಎಂದಳು ಪಿರಿಯಾಪಟ್ಟಣದವಳು. ಕೇಳದೇ ಇರುತ್ತಾಳಾ ಅವಳು!

ದೊಡ್ಡವ್ವ ಅವಳಿಗೆ ಉತ್ತರ ಕೊಡದೆ ನನ್ನ ಗಂಡನ ಕಡೆ ತಿರುಗಿದರು. "ನೀನೋಗ್ ಮಗ. ನಾಕ್ ಲೋಟ ಟೀ ಕಾಯ್ಸ್ಕಬಾ. ಅರ್ಜೆಂಟೇನಿಲ್ಲ, ನಿದಾನ್ಕೇ ಬಾ."

ನನ್ನ ಗಂಡ ಹೋದ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದು ಮಾತೂ ಎದುರಾಡದೆ ಅಡಿಗೆಮನೆಗೆ ಹೋದದ್ದನ್ನು ನಾನು ಆವತ್ತೇ ನೋಡಿದ್ದು. ನಾವು ಮೂವರೂ ಕಡ್ಡಿ, ದಾರ ಎಲ್ಲ ಬಿಸಾಕಿ ದೊಡ್ಡವ್ವನ ಮುಂದೆ ಚಾಪೆ ಎಳೆದುಕೊಂಡು ಒತ್ತೊತ್ತಾಗಿ ಕುಳಿತೆವು. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಆ ಮುಖ ಎಷ್ಟು ಕೆಂಪೇರಿತ್ತು ಅಂತೀರಿ!

"ಚೆನ್ನಾಗ್ ನಗೋನು ಕಣ್ರವ್ವ," ಎಂದು ಶುರು ಮಾಡಿದರು.